ಹೊರಗೋಡೆಯ ನಳ

ಹೋಟೆಲಿನ ಪಡುವಣ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಹಿತ್ತಾಳೆಯ ಒಂದು ನಳ. ಅದರ ಮೂತಿಗೆ ಗೋಣಿತಾಟಿನ ತುಂಡನ್ನು ಸುತ್ತಿ ಹುರಿಯಿಂದ ಬಿಗಿದಿದ್ದಾರೆ. ಗಂಟಿನ ಮೇಲೆ ಜಲಮಂಡಳಿಯ ಅರಗಿನ ಮುದ್ರೆ. ಮೇ ತಿಂಗಳ ಬಿಸಿಲಿಗೆ ಮೆತ್ತಗಾಗಿ, ಒಂದು ಬದಿಗೆ ಇಳಿದು, ಮತ್ತೆ ಗಟ್ಟಿಯಾಗಿದೆ. ಪಕ್ಕದಲ್ಲಿ ಸರಪಳಿಗೆ ಕಟ್ಟಿದ ಸ್ಟೀಲಿನ ಲೋಟ ಗಾಳಿಯಿಲ್ಲದ ಬೆಳಗಿನಲ್ಲಿ ಬೋರಲಾಗಿ ನಿಂತಿದೆ, ಅಲುಗುವುದಿಲ್ಲ. ಕೆಳಗಿನ ಕಲ್ಲುಹಾಸಿನಲ್ಲಿ ಕೊಡಗಳು ಕೂತೂ ಕೂತೂ ಸವೆಸಿದ, ಬಟ್ಟಲಿನಂಥ ಒಂದು ತಗ್ಗು. ಆ ತಗ್ಗಿನಲ್ಲಿ ಯಾವಾಗಲೂ ಒಂದು ಬೊಗಸೆ ನೀರು ಇರುತ್ತಿತ್ತು, ಗುಬ್ಬಿಗಳು ಬರುತ್ತಿದ್ದವು. ಈಗ ಸಿಮೆಂಟಿನ ಬಣ್ಣದ ಧೂಳಿದೆ. ಮೇಲೆ ಮೊಳೆಗೆ ತೂಗಿದ ತಗಡಿನ ಹಲಗೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದೆ. ಅದರ ಬೆನ್ನಿನ ಮೇಲೆ ಯಾವುದೋ ಎಣ್ಣೆ ಡಬ್ಬಿಯ ಹಳೆಯ ಚಿತ್ರ: ಅರ್ಧ ಸೂರ್ಯಕಾಂತಿ.

ಹೋಟೆಲಿನ ಮಾಲೀಕ ಸುಧಾಕರರಾಯರು ಆ ಹಲಗೆಯನ್ನು ತಿರುಗಿಸಿ ನೋಡಲಿಲ್ಲ. ಅದರ ಮೇಲೆ ಏನು ಬರೆದಿದೆಯೆಂದು ಅವರಿಗೆ ಗೊತ್ತಿತ್ತು, ಬರೆದವರು ಅವರೇ. ಕಾರಿನ ಬಳಿ ಚನಬಸವ್ವ ಬಂದು ನಿಂತಿದ್ದಳು, ಜೊತೆಗೆ ಅವಳ ಕೂಲಿತಂಡದ ಮುಂದಾಳು, ಮುಕಾದಮ ಮಹಿಬೂಬ. ಮೂವರೂ ಛತ್ರಪತಿ ಸಂಭಾಜಿನಗರಕ್ಕೆ ಹೋಗಬೇಕಿತ್ತು. ಉಪನಗರ ಜಲಮಂಡಳಿಯ ಮುಖ್ಯ ಕಚೇರಿಯಲ್ಲಿ ಅಂದು ಮಧ್ಯಾಹ್ನ ವಿಚಾರಣೆ.

ನಳ ಸುಧಾಕರರಾಯರ ತಂದೆ ಕಿಟ್ಟಣ್ಣನವರ ಕಾಲದ್ದು. ಬ್ರಹ್ಮಾವರದ ಕಡೆಯಿಂದ ಬಂದು ನಾಶಿಕದ ಹೊರವಲಯದಲ್ಲಿ ಇಡ್ಲಿ ಬೇಯಿಸಲು ಆರಂಭಿಸಿದ ಆ ಮನುಷ್ಯ, ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವ ತನ್ನೂರಿನ ಪದ್ಧತಿಯನ್ನು ಇಲ್ಲಿಯೂ ನಡೆಸಿಕೊಂಡು ಬಂದಿದ್ದರು. ಬೆಲ್ಲ ಕಾಲಾಂತರದಲ್ಲಿ ನಿಂತಿತು. ನೀರು ನಿಲ್ಲಬಾರದೆಂದು ಹೊರಗೋಡೆಯಲ್ಲಿ ಒಂದು ನಳ ಹಾಕಿಸಿದರು. ಅದು ಹೋಟೆಲಿನ ತೊಟ್ಟಿಗೆ ಸೇರದೆ ನೇರವಾಗಿ ರಸ್ತೆಯ ಕೊಳವೆಗೆ ಜೋಡಿಸಿದ ನಳ. ಅದಕ್ಕೆ ಯಾವ ಹಲಗೆಯೂ ಇರಲಿಲ್ಲ. ಕುಡಿಯುವ ನೀರಿಗೆ ವಿಳಾಸ ಬೇಕಿಲ್ಲ ಎನ್ನುತ್ತಿದ್ದರು.

ಸಿಂಹಸ್ಥ ಕುಂಭಮೇಳಕ್ಕಾಗಿ ರಸ್ತೆ ಅಗಲಿಸುವ ಕೆಲಸ ಆರಂಭವಾದ ಮೇಲೆ, ಇಂಡಿ, ಸಿಂದಗಿಗಳ ಕಡೆಯ ಕೂಲಿಗಳು ಬಂದು ಎದುರಿನ ಬಯಲಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡರು. ಗುತ್ತಿಗೆದಾರ ತರಿಸುತ್ತಿದ್ದ ಟ್ಯಾಂಕರಿನ ನೀರು ಕಾಂಕ್ರೀಟಿಗೆ; ಮನುಷ್ಯರಿಗೆ ಈ ನಳ. ಸಂಜೆ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ಗಲ್ಲಾದ ಮೇಲೆ ಕೂತ ಸುಧಾಕರರಾಯರಿಗೆ ಗೋಡೆಯಾಚೆಯಿಂದ ಅವರ ಕನ್ನಡ ಕೇಳಿಸುತ್ತಿತ್ತು. ತಮ್ಮದಲ್ಲದ ಕನ್ನಡ; ಆದರೂ ಮೂವತ್ತು ವರ್ಷ ಮರಾಠಿಯಲ್ಲಿ ಬಿಲ್ಲು ಹೇಳಿದ ಕಿವಿಗೆ ಅದು ದೂರದಲ್ಲಿ ಯಾರೋ ದೀಪ ಹಚ್ಚಿದಂತೆ ಇರುತ್ತಿತ್ತು. ಆ ಜನ ಅದನ್ನು ‘ನಮ್ಮೂರ ನಳ’ ಎಂದೇ ಕರೆಯುತ್ತಿದ್ದರು.

ಪ್ರಾಚಿ ಜಲಮಂಡಳಿಯ ಕಿರಿಯ ಇಂಜಿನಿಯರು. ದಿನಾ ಬೆಳಿಗ್ಗೆ ಉಪ್ಪಿಟ್ಟು ತಿಂದು, ನಿಂತುಕೊಂಡೇ ಕಾಫಿ ಕುಡಿದು ಹೋಗುವ ಮರಾಠಿ ಹುಡುಗಿ. ಒಂದು ಗುರುವಾರ ಅವಳು ಹಣ ಕೊಡುವ ನೆಪದಲ್ಲಿ ಗಲ್ಲಾದ ಮೇಲೆ ಬಾಗಿ, ಲೈನಿನ ನೀರನ್ನು ಕೆಲವು ದಿನ ಬಳಸಬೇಡಿ ಎಂದಳು. ರಸ್ತೆ ಅಗೆಯುವಾಗ ಯಂತ್ರದ ಹಲ್ಲಿಗೆ ಸಿಕ್ಕಿ ಕುಡಿಯುವ ನೀರಿನ ಕೊಳವೆಯೂ ಚರಂಡಿಯ ಕೊಳವೆಯೂ ಒಟ್ಟಿಗೇ ಒಡೆದಿದ್ದವು. ಪ್ರಯೋಗಾಲಯದ ವರದಿ ಕೆಟ್ಟದಾಗಿ ಬಂದಿತ್ತು. ಆದರೆ ಮೇಳದ ಕಾಮಗಾರಿ ನೋಡಲು ದೊಡ್ಡವರು ಬರುವವರಿದ್ದರು. ಅದು ಮುಗಿಯುವವರೆಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಬಾರದೆಂದು ಮೇಲಿನಿಂದ ಬಾಯಿಮಾತಿನ ಅಪ್ಪಣೆಯಾಗಿತ್ತು.

“ನೀವು ಅಣ್ಣ ಅಂತ ಹೇಳಿದ್ದೇನೆ. ಬೇರೆ ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತೆ” ಎಂದಳು.

ಆ ಕ್ಷಣದಲ್ಲಿ ಸುಧಾಕರರಾಯರಿಗೆ ಹೆದರಿಕೆಯಾಯಿತು, ನಿಜ. ಹೆದರಿಕೆಯ ಅಡಿಯಲ್ಲಿ ಒಂದು ಸಣ್ಣ ಸುಖವೂ ಇತ್ತು. ಊರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು. ಸರ್ಕಾರ ಎಂಬ ಎತ್ತರದ ಗೋಡೆಯಲ್ಲಿ ತನ್ನ ಕಿವಿಯ ಅಳತೆಯ ಒಂದು ಕಿಂಡಿ ಇದೆ. ಅಂದೇ ಪಿಂಪಳಗಾಂವ್ ಬಸವಂತದ ದ್ರಾಕ್ಷಿತೋಟದ ಬಾವಿಯೊಂದರಿಂದ ಟ್ಯಾಂಕರು ತರಿಸಿ ಅಡುಗೆಮನೆಯ ತೊಟ್ಟಿ ತುಂಬಿಸಿದರು. ಹೊರಗಿನ ನಳದ ತಿರುಪನ್ನು ಬಿಗಿಯಾಗಿ ಮುಚ್ಚಿ ಅದರ ಹಿಡಿಕೆ ಕಳಚಿಟ್ಟರು. ಕೂಲಿಗಳು ಕೇಳಿದರೆ ಏನು ಹೇಳುವುದು? ಹಳೆಯ ತಗಡೊಂದನ್ನು ಹುಡುಕಿ ಮರಾಠಿಯಲ್ಲಿ ಬರೆದರು: ‘ನಳ ಕೆಟ್ಟಿದೆ, ದುರಸ್ತಿಯಾಗಬೇಕು.’ ಆಮೇಲೆ, ಆ ಹೆಂಗಸರಿಗೆ ತಿಳಿಯಲಿ ಎಂಬ ಸೌಜನ್ಯದಿಂದ, ಅದರ ಕೆಳಗೆ ಅದನ್ನೇ ಕನ್ನಡದಲ್ಲಿಯೂ ಬರೆದರು.

ಮಗಳು ಅಕ್ಷಿತಾ ಕಾಲೇಜಿಗೆ ಹೊರಟವಳು ನಿಂತು ಓದಿದಳು. ನಳಕ್ಕೆ ಏನಾಗಿದೆ ಎಂದು ಕೇಳಿದಳು. ಏನೂ ಆಗಿಲ್ಲ, ನೀರಿಗೆ ಆಗಿದೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು.

“ಮಗ ತಸಂಚ್ ಲಿಹಾ ನಾ, ಪಪ್ಪಾ. ಹಾಗಂತಲೇ ಬರೀರಿ, ನೀರು ಕೆಟ್ಟಿದೆ ಅಂತ” ಎಂದಳು, ಎಂದಿನಂತೆ ಮರಾಠಿ ಬೆರೆಸಿ.

ಅವರು ಬರೆಯಲಿಲ್ಲ.

ಸೋಮವಾರ ಹೋಟೆಲಿಗೆ ರಜೆ. ಸಂಭಾಜಿನಗರದಲ್ಲಿರುವ ತಂಗಿ ಸರೋಜಿನಿಯ ಮನೆಗೆ ಹೋಗಿ ಮಂಗಳವಾರ ನಸುಕಿಗೆ ಮರಳಿದರು. ಬಾಗಿಲು ತೆರೆದು ತಿಂಡಿಯ ಗಿರಾಕಿಗಳು ತುಂಬಿದ ಹೊತ್ತಿಗೆ ಅಮಸಿದ್ದ ಬಂದು ಗಲ್ಲಾದ ಎದುರು ನಿಂತ. ಚನಬಸವ್ವನ ಗಂಡ, ಗಾರೆ ಕೆಲಸದವನು, ಕೊಳವೆಯ ಕೆಲಸವನ್ನೂ ಬಲ್ಲವನು. ಕೈಯಲ್ಲಿ ಪಾನಾ ಇತ್ತು, ತಿರುಪು ಬಿಚ್ಚುವ ಆ ಉದ್ದನೆಯ ಕಬ್ಬಿಣದ ಹತ್ಯಾರು. ಮುಖದಲ್ಲಿ ಉಡುಗೊರೆ ತಂದವನ ನಾಚಿಕೆಯಿತ್ತು.

“ನಿಮ್ಮ ನಳಕ್ಕ ದೊಡ್ಡ ರೋಗ ಏನೂ ಇರಲಿಲ್ರಿ ಮಾಲಕರ. ವಾಷರ್ ಮುದುಕ ಆಗಿತ್ತು, ನನ್ನ ಹಾಂಗ. ಹೊಸಾದು ಹಾಕೀನಿ. ಹಿಡಿಕಿನೂ ಕಳದಿತ್ತು, ಅದೂ ಒಂದು ತಂದು ಹಾಕೀನಿ.”

ಸುಧಾಕರರಾಯರು ಎದ್ದು ನಿಂತರು. ಯಾಕೆ ಮಾಡಿದೆ, ನಿನಗೆ ಯಾರು ಹೇಳಿದರು ಎಂದು ಕೇಳಿದರು.

“ನೀವ ಹೇಳಿದ್ರೆಲ್ರಿ,” ಅಮಸಿದ್ದ ನಕ್ಕ. “ಕನ್ನಡದಾಗ ಬರದಿದ್ರಿ. ಈ ಊರಾಗ ಕನ್ನಡ ಓದಾವ್ರು ಯಾರ್ರಿ, ನಾವ ಅಲ್ಲೇನು? ಮಹಿಬೂಬ ಓದಿ ಹೇಳಿದ. ನಮ್ಮ ಮಾಲಕ್ರು ಬಾಯಿ ಬಿಟ್ಟು ಕೇಳಾಕ ಸಂಕೋಚ ಮಾಡ್ಯಾರ, ಬರದು ಹೇಳ್ಯಾರ ಅಂತ ತಿಳಕೊಂಡ್ನಿ.”

ದುರಸ್ತಿ ಮಾಡಿದವನೇ ಮೊದಲ ನೀರು ಕುಡಿದು ತೋರಿಸಬೇಕು, ಅದು ಅವರ ಕಸುಬಿನ ರೂಢಿ. ನಿನ್ನೆ ಸಂಜೆ ಅವನು ಒಂದು ಲೋಟ ಗಟಗಟನೆ ಕುಡಿದು, ಲೋಟವನ್ನು ತಲೆಕೆಳಗೆ ಹಿಡಿದು ತೋರಿಸಿದ್ದ. ಆಮೇಲೆ ಹೆಂಗಸರು ಕೊಡ ತುಂಬಿಕೊಂಡಿದ್ದರು. ಹಲಗೆಗೆ ಇನ್ನು ಕೆಲಸವಿಲ್ಲವೆಂದು ಅವನೇ ಅದನ್ನು ಗೋಡೆಯ ಕಡೆಗೆ ತಿರುಗಿಸಿದ್ದ. ಇದನ್ನೆಲ್ಲ ಅವನು ವಿವರವಾಗಿ ಹೇಳಿದ. ತುಂಬಿದ ಹೋಟೆಲು ಕೇಳುತ್ತಿತ್ತು. ಕಿಟಕಿಯ ಬಳಿಯ ಮೇಜಿನಲ್ಲಿ ಪ್ರಾಚಿ ಚಮಚವನ್ನು ತಟ್ಟೆಯ ಮೇಲೆ ಇಟ್ಟು ತಲೆಯೆತ್ತಿದಳು. ಅವಳ ಕಣ್ಣು ಏನನ್ನೂ ಬೇಡುತ್ತಿರಲಿಲ್ಲ, ಸುಮ್ಮನೆ ತೆರೆದುಕೊಂಡಿತ್ತು.

ಆ ನೀರು ಚೆಲ್ಲಿಬಿಡಿ. ಮೂರು ಪದ. ಅವು ಸುಧಾಕರರಾಯರ ನಾಲಿಗೆಯ ತುದಿಯವರೆಗೆ ಬಂದು, ಗಿರಾಕಿಗಳ ಮುಖಗಳನ್ನು ಕಂಡು ಹಿಂದಿರುಗಿದವು. ಅಷ್ಟು ಜನರ ನಡುವೆ ಆ ಮಾತು ಬಿದ್ದರೆ ಹೋಟೆಲು ಮುಗಿಯಿತು, ಆ ಹುಡುಗಿಯೂ ಮುಗಿದಳು. ಜನ ಚದುರಲಿ, ಅವನನ್ನು ಒಬ್ಬನನ್ನೇ ಕರೆದು ಹೇಳೋಣ ಎಂದುಕೊಂಡರು. ಗಿರಾಕಿಗಳು ಚದುರುವ ಹೊತ್ತಿಗೆ ಅಮಸಿದ್ದ ಕೆಲಸಕ್ಕೆ ಹೋಗಿಯಾಗಿತ್ತು. ನಳದ ತಿರುಪನ್ನು ಅವರು ಮತ್ತೆ ಮುಚ್ಚಿದರು. ಸಂಜೆ ಬಯಲಿನ ಗುಡಿಸಲುಗಳಿಂದ ವಾಂತಿಯ ಸದ್ದು ಕೇಳಿಸತೊಡಗಿತು.

ಹೆಚ್ಚಿನವರು ಬದುಕಿದರು. ಮೂವರು ಬದುಕಲಿಲ್ಲ: ಒಬ್ಬ ಮುದುಕಿ, ಅದೇ ತಂಡದ ರೇಷ್ಮಾಳ ಎಳೆಯ ಮಗು, ಮತ್ತು ಅಮಸಿದ್ದ. ಬಡಾವಣೆಯ ಮನೆಗಳಲ್ಲಿಯೂ ಹೊಟ್ಟೆನೋವು ಬಂದಿತ್ತು. ಅಲ್ಲಿ ಫಿಲ್ಟರುಗಳಿದ್ದವು, ವೈದ್ಯರಿದ್ದರು, ಅದು ಮನೆಯೊಳಗೇ ವಾಸಿಯಾಯಿತು. ದೊಡ್ಡವರ ಭೇಟಿ ಸಾಂಗವಾಗಿ ಮುಗಿಯಿತು. ಅದಾದ ಮೇಲೆ ಜಲಮಂಡಳಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ಮಂಡಳಿ ಪೂರೈಸುವ ನೀರು ಎಂದಿನಂತೆ ಶುದ್ಧವಾಗಿದೆ. ಖಾಸಗಿ ಹೋಟೆಲೊಂದರ ಹೊರನಳವನ್ನು ಕೂಲಿಕಾರನೊಬ್ಬ ಅನುಮತಿಯಿಲ್ಲದೆ ಬಿಚ್ಚಿ ತಪ್ಪಾಗಿ ಜೋಡಿಸಿದ್ದರಿಂದ ಕೊಳಕು ಒಳಸೇರಿ ಈ ಅನಾಹುತವಾಗಿದೆ. ಪ್ರಯೋಗಾಲಯದ ವರದಿ ಕೊಡಿ ಎಂದು ಅಕ್ಷಿತಾ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದಳು. ತನಿಖೆ ನಡೆಯುತ್ತಿರುವುದರಿಂದ ಕೊಡಲು ಬರುವುದಿಲ್ಲವೆಂದು ಉತ್ತರ ಬಂತು. ಅವಳು ಅದನ್ನು ತಂದೆಯ ಮುಂದೆ ಇಟ್ಟಳು.

“ಅವರು ನೋಟಿಸ್ ಹಾಕಲಿಲ್ಲ. ನೀವು ಸುಳ್ಳು ನೋಟಿಸ್ ಹಾಕಿದ್ರಿ. ಫರಕ್ ಕಾಯ್, ಏನು ವ್ಯತ್ಯಾಸ ಪಪ್ಪಾ?”

ಅದಾದ ಮೇಲೆ ಮನೆಯಲ್ಲಿ ಅವಳು ಅವರೊಡನೆ ಮಾತು ಕಡಿಮೆ ಮಾಡಿದಳು. ಪ್ರಾಚಿಗೆ ಸಂಭಾಜಿನಗರದ ಮುಖ್ಯ ಕಚೇರಿಗೆ ವರ್ಗವಾಯಿತು. ಹೋಗುವ ಮುನ್ನ ಉಪ್ಪಿಟ್ಟಿಗೆ ಬರಲಿಲ್ಲ.

ಒಂದು ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ, ಚನಬಸವ್ವ ಹೋಟೆಲಿನ ಹಿಂಬಾಗಿಲಿಗೆ ಬಂದಳು. ಒಳಗೆ ಬರಲು ಹೇಳಿದರೂ ಹೊಸ್ತಿಲಿನ ಆಚೆಯೇ ಕೂತಳು. ಗಂಡನನ್ನು ಊರಿಗೆ ಒಯ್ದು ಹೂಳಿ ಬಂದಿದ್ದಳು. ಬಂದಾಗಿನಿಂದ ಗುಡಿಸಲುಗಳ ಸಾಲಿನಲ್ಲಿ ಯಾರೂ ಅವಳ ಪಕ್ಕ ಒಲೆ ಹಚ್ಚುತ್ತಿರಲಿಲ್ಲ. ಮಹಿಬೂಬ ಮರಾಠಿ ಪತ್ರಿಕೆಯ ಸುದ್ದಿಯನ್ನು ಯಾರಿಂದಲೋ ಓದಿಸಿ ಎಲ್ಲರಿಗೂ ತಿಳಿಸಿದ್ದ. ಸರ್ಕಾರವೇ ಅಚ್ಚು ಹಾಕಿಸಿದ ಮೇಲೆ ಸುಳ್ಳಿರಲಾರದು ಎಂದು ಜನ ನಂಬಿದ್ದರು. ರೇಷ್ಮಾ ಅವಳನ್ನು ಕಂಡರೆ ಸೆರಗನ್ನು ಎಳೆದುಕೊಂಡು ದಾರಿ ಬಿಡುತ್ತಿದ್ದಳು. ಇಲ್ಲಿಯ ಕೆಲಸ ಮುಗಿಯುತ್ತ ಬಂದಿತ್ತು. ತಂಡ ಚಾಂದವಡದ ಕಡೆಗೆ ಹೋಗುವುದಿತ್ತು, ಅಮಸಿದ್ದನ ಹೆಂಡತಿ ಜೊತೆಗೆ ಬೇಡ ಎಂದು ಹೆಂಗಸರು ಪಟ್ಟು ಹಿಡಿದಿದ್ದರು. ತಂಡವಿಲ್ಲದ ಒಬ್ಬಂಟಿ ಹೆಂಗಸಿಗೆ ಯಾವ ಗುತ್ತಿಗೆದಾರನೂ ಕೆಲಸ ಕೊಡುವುದಿಲ್ಲ. ಅದನ್ನೆಲ್ಲ ಅವಳು ದೂರಿನ ದನಿಯಿಲ್ಲದೆ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು.

“ನಮ್ಮವ್ರ ಕೈಯಿಂದ ತಪ್ಪ ಆಗೇತೇನ್ರಿ ಮಾಲಕರ? ನೀವು ಹೇಳ್ರಿ. ನಳ ನಿಮ್ದು, ನಿಮಗ ಗೊತ್ತಿರತೈತಿ.”

ಸುಧಾಕರರಾಯರು ವಿಚಾರಣೆಯ ಕರೆ ಬಂದಿರುವುದನ್ನು ಹೇಳಿದರು. ಅವಳಿಗೂ ಬಂದಿತ್ತು, ಮೃತನ ವಾರಸುದಾರಳೆಂದು. ಎಲ್ಲವನ್ನೂ ಅಲ್ಲಿಯೇ ಹೇಳುತ್ತೇನೆ, ನಮ್ಮ ಕಾರಿನಲ್ಲಿಯೇ ಹೋಗೋಣ ಎಂದರು. ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆದರೂ ಅವಳು ಕೈಮುಗಿದು ಎದ್ದಳು.

ನಿಫಾಡ, ಯೇವಲಾ ದಾಟಿ ವೈಜಾಪುರದ ಬಯಲಿಗೆ ಬರುವವರೆಗೆ ಕಾರಿನಲ್ಲಿ ಮಾತಿರಲಿಲ್ಲ. ಮಹಿಬೂಬ ಮುಂದಿನ ಸೀಟಿನಲ್ಲಿ ಸೈಡಿನ ಹಿಡಿಯನ್ನು ಹಿಡಿದುಕೊಂಡೇ ಕೂತಿದ್ದ. ಹಿಂದಿನ ಸೀಟಿನಲ್ಲಿ ಚನಬಸವ್ವ, ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಬೇಸಿಗೆಯ ಹೊಲಗಳು ಎರಡೂ ಬದಿಗೆ ಓದಿ ಮುಗಿಸಿ ಮಡಚಿಟ್ಟ ಹಾಳೆಗಳಂತೆ ಬಿದ್ದಿದ್ದವು. ಈ ದಾರಿಯಲ್ಲಿ ಹೇಳಿಬಿಡಬೇಕೆಂದು ಸುಧಾಕರರಾಯರು ಹಿಂದಿನ ರಾತ್ರಿ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದರು. ಕನ್ನಡಿಯಲ್ಲಿ ಅವಳ ಮುಖ ಕಂಡಾಗಲೆಲ್ಲ ಆ ಜೋಡಣೆ ಸಡಿಲವಾಗುತ್ತಿತ್ತು.

ಗಂಟಿನಲ್ಲಿ ಏನಿದೆ ಎಂದು ಕೊನೆಗೆ ಕೇಳಿದರು.

“ಪಾನಾರಿ. ಸಾಹೇಬ್ರಿಗೆ ತೋರಸಾಕ ತಂದೀನಿ. ಕೆಲಸಾ ಬರಲಾರದವ ಆಗಿದ್ರ ಹತ್ಯಾರ ಹಿಂಗ ಇಟಗೊಂಡಿರ್ತಿದ್ನೇನ್ರಿ?”

ಅವಳು ಬಟ್ಟೆಯನ್ನು ಬಿಡಿಸಿದಳು. ಎಣ್ಣೆ ಒರೆಸಿ ಒರೆಸಿ ಕಪ್ಪು ಮಿಂಚು ಬಂದಿದ್ದ ಕಬ್ಬಿಣ ಕನ್ನಡಿಯಲ್ಲಿ ಒಂದು ಸಲ ಹೊಳೆಯಿತು. ಸಾಹೇಬರು ಪಾನಾ ನೋಡುತ್ತಾರೆ, ಆಮೇಲೆ ಚಹಾ ತರಿಸುತ್ತಾರೆ ಎಂದು ಮಹಿಬೂಬ ಕಿಟಕಿಯ ಕಡೆಗೆ ಮುಖ ಮಾಡಿ ಗೊಣಗಿದ.

ಜಲಮಂಡಳಿಯ ಕಚೇರಿ ಹಳೆಯ ಕಲ್ಲಿನ ಕಟ್ಟಡ. ರಸ್ತೆಗೆ ತೆರೆಯುವ ಭಾರವಾದ ಮರದ ಬಾಗಿಲಿಗೆ ಸ್ಪ್ರಿಂಗು ಹಾಕಿದ್ದರು. ಒಳಗೆ ಬಂದವರ ಬೆನ್ನ ಹಿಂದೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಉದ್ದನೆಯ ಮೊಗಸಾಲೆ, ಅದರ ಕೊನೆಯಲ್ಲಿ ವಿಚಾರಣೆಯ ಕೋಣೆ. ಜವಾನ ಸುಧಾಕರರಾಯರನ್ನು ಮಾತ್ರ ಒಳಗೆ ಬಿಟ್ಟ. ವಾರಸುದಾರರನ್ನು ಅಗತ್ಯ ಬಿದ್ದರೆ ಕರೆಯುತ್ತಾರೆ, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂರಬೇಕು ಎಂದ.

ಒಳಗೆ ಮೂವರು ಅಧಿಕಾರಿಗಳಿದ್ದರು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಮುಚ್ಚಳ ಒಡೆಯದ ನೀರಿನ ಬಾಟಲಿ. ಮೇಜಿನ ತುದಿಯಲ್ಲಿ, ಹೇಳಿಕೆ ಬರೆದುಕೊಳ್ಳಲು, ಪ್ರಾಚಿ. ಅವಳು ಕರಗಿದಂತೆ ಕಂಡಳು. ತಲೆಯೆತ್ತಲಿಲ್ಲ.

ಅಧ್ಯಕ್ಷರು ಸೌಮ್ಯ ಸ್ವಭಾವದವರು. ನಿಮ್ಮ ಹೋಟೆಲಿನ ಮೇಲೆ ಯಾವ ಆರೋಪವೂ ಇಲ್ಲ, ಗಾಬರಿಯಾಗಬೇಡಿ ಎಂದು ಮರಾಠಿಯಲ್ಲಿ ಹೇಳಿದರು. ನಿಮ್ಮ ಅನುಮತಿಯಿಲ್ಲದೆ ಆ ಕೂಲಿ ನಳ ಬಿಚ್ಚಿದ್ದು ನಿಜವೇ ಎಂಬ ಒಂದೇ ಪ್ರಶ್ನೆ. ಹೌದು ಎಂದರೆ ಮುಗಿಯುತ್ತಿತ್ತು. ಆ ಹೌದು ಎಷ್ಟು ಹಗುರವಾಗಿ ತಮ್ಮ ಕಡೆಗೆ ಚಾಚಿಕೊಂಡಿದೆ ಎಂದು ಸುಧಾಕರರಾಯರು ಕಂಡರು.

ಅವರು ಹಾಗೆನ್ನಲಿಲ್ಲ. ನಳ ಕೆಟ್ಟಿರಲೇ ಇಲ್ಲ, ನೀರು ಮೊದಲೇ ಕೆಟ್ಟಿತ್ತು, ಅದು ತನಗೆ ಗೊತ್ತಿತ್ತು, ಅದಕ್ಕಾಗಿಯೇ ಅಮಸಿದ್ದ ನಳವನ್ನು ಮುಟ್ಟುವ ಮುನ್ನವೇ ತನ್ನ ಅಡುಗೆಮನೆಗೆ ಟ್ಯಾಂಕರು ಬರುತ್ತಿತ್ತು ಎಂದು ನಿಧಾನವಾಗಿ, ಒಂದೊಂದೇ ವಾಕ್ಯವಾಗಿ ಹೇಳಿದರು. ಹೇಳುತ್ತ ಹೇಳುತ್ತ ಒಂದು ವಿಚಿತ್ರ ಅವರಿಗೆ ಹೊಳೆಯಿತು: ಅವನು ನಿರಪರಾಧಿ ಎಂಬುದಕ್ಕೆ ಇರುವ ಸಾಕ್ಷಿಯೆಲ್ಲ ತನ್ನ ಅಪರಾಧದ ಸಾಕ್ಷಿಯೇ ಆಗಿತ್ತು.

ಅಧ್ಯಕ್ಷರು ಬೇಸರಗೊಳ್ಳಲಿಲ್ಲ. ನೀರು ಕೆಟ್ಟಿದೆಯೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರು.

ಪ್ರಾಚಿಯ ಲೇಖನಿ ನಿಂತಿತು. ಅಣ್ಣ ಅಂತ ಹೇಳಿದ್ದೇನೆ ಎಂದಿದ್ದ ಹುಡುಗಿ. ಕೆಲಸವನ್ನೇ ಪಣಕ್ಕಿಟ್ಟು ತನ್ನನ್ನು ಉಳಿಸಿದವಳು. ಉಳಿಸಬೇಕಾಗಿದ್ದ ನೂರು ಜನರನ್ನು ಬಿಟ್ಟು ತನ್ನೊಬ್ಬನನ್ನು. ಸುಧಾಕರರಾಯರು ಮಂಡಳಿಯವರೇ ಹೇಳಿದರು ಎಂದರು. ಹೆಸರು? ಅವರು ಹೆಸರು ಕೊಡಲಿಲ್ಲ. ಹೆಸರಿಲ್ಲದ ಮಾತು ಗಾಳಿಸುದ್ದಿಯಾಗುತ್ತದೆ, ಅದನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದು ಅಧ್ಯಕ್ಷರು ವಿನಯದಿಂದಲೇ ತಿಳಿಸಿದರು. ಹಾಗಾದರೆ ಆ ವಾರದ ಪ್ರಯೋಗಾಲಯದ ವರದಿಯನ್ನು ಈ ಮೇಜಿನ ಮೇಲೆ ಇಡಿ, ಅದರಲ್ಲಿ ಹೆಸರು ಬೇಕಾಗುವುದಿಲ್ಲ ಎಂದರು ಸುಧಾಕರರಾಯರು. ತನಿಖೆ ಮುಗಿಯುವವರೆಗೆ ಅದು ಗೋಪ್ಯ ಎಂಬ ಉತ್ತರ ಬಂತು. ತನಿಖೆ ಮುಗಿದ ಮೇಲೆ? ಆಗ ಅದರ ಅಗತ್ಯವೇ ಇರುವುದಿಲ್ಲವಲ್ಲ ಎಂದು ಪಕ್ಕದ ಅಧಿಕಾರಿ ನಕ್ಕರು.

ಆಮೇಲೆ ಅಧ್ಯಕ್ಷರು ಹಲಗೆಯ ವಿಷಯ ಎತ್ತಿದರು. ನಳ ಕೆಟ್ಟಿದೆ ಎಂದು ನೀವೇ ಬರೆದು ಹಾಕಿದ್ದಿರಲ್ಲವೇ, ಎರಡೂ ಭಾಷೆಗಳಲ್ಲಿ? ಹೌದು. ಅಧ್ಯಕ್ಷರು ಪ್ರಾಚಿಯ ಕಡೆಗೆ ತಿರುಗಿ ಬರೆಸಿದರು: ‘ನಳ ಬಳಕೆಗೆ ಯೋಗ್ಯವಲ್ಲವೆಂದು ಮಾಲೀಕರು ಕೂಲಿಗಳ ಭಾಷೆಯಲ್ಲಿಯೇ ಸ್ಪಷ್ಟವಾಗಿ ಸೂಚಿಸಿದ್ದರು. ಆದಾಗ್ಯೂ ಮೃತನು ಅದನ್ನು ಉಲ್ಲಂಘಿಸಿದನು.’

ಪ್ರಾಚಿ ಬರೆದಳು. ಅಕ್ಷರಗಳು ದುಂಡಗಿದ್ದವು, ಎಲ್ಲಿಯೂ ನಡುಗಿರಲಿಲ್ಲ.

ಸುಧಾಕರರಾಯರು ಬಾಗಿಲು ತೆರೆಯಿರಿ ಎಂದರು. ಹೊರಗೆ ಕೂತಿರುವ ಹೆಂಗಸಿನ ಗಂಡನ ಬಗ್ಗೆ ಇಲ್ಲಿ ಬರೆಯುತ್ತಿದ್ದೀರಿ, ಅವಳಿಗೆ ಕೇಳಿಸಲಿ. ಇದು ಗೋಪ್ಯ ವಿಚಾರಣೆ ಎಂದು ಅಧ್ಯಕ್ಷರು ನೆನಪಿಸಿದರು. ಬರೆದುಕೊಂಡ ಹೇಳಿಕೆಗೆ ಸಹಿ ಹಾಕಲು ಕಾಗದವನ್ನು ತಳ್ಳಿದರು. ಸುಧಾಕರರಾಯರು ಸಹಿ ಹಾಕದೆ ಎದ್ದು ಬಾಗಿಲ ಕಡೆಗೆ ನಡೆದರು. ಸಹಿ ಹಾಕಲು ನಿರಾಕರಿಸಿದರು ಎಂದು ಬರೆದುಕೊಳ್ಳಿ ಎಂಬ ಮಾತು ಬೆನ್ನಿಗೆ ಕೇಳಿಸಿತು.

ಮೊಗಸಾಲೆಯ ಬೆಂಚಿನ ಮೇಲೆ ಚನಬಸವ್ವ ಗಂಟನ್ನು ಬಿಚ್ಚಿ ಪಾನಾವನ್ನು ಮೊಣಕಾಲ ಮೇಲೆ ಸಿದ್ಧವಾಗಿಟ್ಟುಕೊಂಡಿದ್ದಳು. ಮಹಿಬೂಬ ಗೋಡೆಗೆ ಒರಗಿ ನಿಂತಿದ್ದ. ಕರೆದರೇನು ಎಂಬಂತೆ ಅವಳು ಅರ್ಧ ಎದ್ದಳು. ಸುಧಾಕರರಾಯರು ಅವಳ ಎದುರಿಗೆ ನೆಲದ ಮೇಲೆಯೇ ಕೂತರು. ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಉಳಿದದ್ದನ್ನು ಹೇಳಿದರು.

“ನಳ ಕೆಟ್ಟಿರಲಿಲ್ಲಮ್ಮ. ನಾನು ಸುಳ್ಳು ಬರೆದದ್ದು. ನೀರಿಗೆ ಚರಂಡಿ ಸೇರಿತ್ತು, ಅದು ನನಗೆ ಮೊದಲೇ ಗೊತ್ತಿತ್ತು. ನಿನ್ನ ಗಂಡ ಮಾಡಿದ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ.”

ಮಹಿಬೂಬ ಗೋಡೆಯಿಂದ ಬೆನ್ನು ತೆಗೆದ. ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಅವತ್ತ ಮುಂಜಾನೆ ಅವ ನಿಮ್ಮ ಮುಂದ ಬಂದು ನಿಂತಾಗ,” ಎಂದಳು ಚನಬಸವ್ವ, “ನಮ್ಮ ಕೊಡದಾಗ ಇನ್ನಾ ಅರ್ಧಾ ನೀರ ಇತ್ರಿ. ರೇಷ್ಮಾನ ಕೂಸು ಕುಡಿದಿದ್ದು ಆಮ್ಯಾಲ.”

ಸುಧಾಕರರಾಯರು ತಲೆ ತಗ್ಗಿಸಿದರು.

“ನಿಮಗ ಯಾರ್ ಹೇಳಿದ್ರು?”

“ಒಳಗೆ ಬರೆದುಕೊಳ್ಳಲಿಕ್ಕೆ ಕೂತಿದ್ದಾಳಲ್ಲ, ಪ್ರಾಚಿ. ಅವಳು.”

“ಒಳಗ ಈ ಹೆಸರ ಹೇಳಿದ್ರೇನ್ರಿ?”

“ಇಲ್ಲ.”

“ಮತ್ತ ಏನ್ ಬರಕೊಂಡ್ರು?”

ಅದನ್ನೂ ಅವರು ಹೇಳಿದರು. ಉಲ್ಲಂಘಿಸಿದನು ಎಂಬ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಹೇಳಿದ್ದನ್ನು ಮೀರಿದ ಎಂದರು. ಆಕೆ ಆ ಮಾತನ್ನು ಬಾಯೊಳಗೇ ಒಮ್ಮೆ ಅಂದುಕೊಂಡಳು. ಆಮೇಲೆ ಪಾನಾವನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಮೂಲೆಗಳನ್ನು ಎಳೆದು, ಮಡಚಿ, ಗಂಟು ಹಾಕಿದಳು. ಅವಳ ಕೈಗಳಲ್ಲಿ ಅವಸರವಿರಲಿಲ್ಲ.

“ಹೇಳಿದ್ದನ್ನ ಮೀರಿದವ ಅಲ್ರಿ ಅವ. ಹೇಳಿದ್ದನ್ನ ನಂಬಿದ.”

ಮಹಿಬೂಬ ಮುಂದೆ ಬಂದು ಅವಳ ಕೈಯಿಂದ ಗಂಟನ್ನು ತೆಗೆದುಕೊಂಡ. ಚಾಂದವಡಕ್ಕೆ ನಾಡಿದ್ದು ಹೊರಡುವುದು, ಸಾಮಾನು ಕಟ್ಟಿಕೋ ಅಕ್ಕ, ರೇಷ್ಮಾಳಿಗೆ ನಾನು ಹೇಳುತ್ತೇನೆ ಎಂದ. ಅವನ ದನಿ ಒರಟಾಗಿತ್ತು. ಆ ಹಲಗೆಯನ್ನು ಓದಿ ಹೇಳಿದವನು ತಾನು ಎಂಬುದು ಅವನಿಗೆ ನೆನಪಾಗಿರಬೇಕು.

ಸುಧಾಕರರಾಯರು ಗೋಡೆ ಹಿಡಿದು ಎದ್ದರು. ಕಾರು ಇದೆ, ಕತ್ತಲಾಗುವುದರೊಳಗೆ ನಾಶಿಕ ಸೇರಬಹುದು ಎಂದರು. ಒಳಗೆ ಮತ್ತೆ ಹೋಗಿ ಆ ಹೆಸರು ಹೇಳುತ್ತೇನೆ, ಒಂದು ಗಳಿಗೆ ಕೂರಿ ಎಂದೂ ಅಂದರು. ಆ ಮಾತಿಗೆ ಅವಳು ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಬ್ಯಾಡ್ರಿ. ಹೇಳೂ ಮಾತು ಇದ್ರ ನೀವು ಹೇಳ್ರಿ, ಇಲ್ಲಾ ಬಿಡ್ರಿ. ನಾವು ಎಸ್ಟೀ ಬಸ್ಸಿಗೆ ಹೋಗ್ತೀವ್ರಿ.”

ಸುಧಾಕರರಾಯರು ವಿಚಾರಣೆಯ ಕೋಣೆಯ ಕಡೆಗೆ ನೋಡಿದರು. ಜವಾನ ಅದರ ಚಿಲಕ ಹಾಕಿ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಒಳಗಿನಿಂದ ಚಹಾ ಕಪ್ಪುಗಳ ಸದ್ದು ಕೇಳುತ್ತಿತ್ತು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮಹಿಬೂಬ ರಸ್ತೆಗೆ ಇಳಿದಿದ್ದ. ಚನಬಸವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಭಾರವಾದ ಆ ಬಾಗಿಲನ್ನು ಭುಜದಿಂದ ನೂಕಿದಳು. ಮೂರು ಗಂಟೆಯ ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಬಿದ್ದು, ನೆಲದ ಮೇಲೆ ಅವರ ಕಾಲಿನವರೆಗೆ ಬಂತು. ಅವಳು ಹಿಂದಿರುಗಿ ನೋಡದೆ ಹೊರಗೆ ಹೋದಳು. ಪಟ್ಟಿ ಕಿರಿದಾಗುತ್ತ, ದಾರದಷ್ಟಾಗುತ್ತ ಹೋಯಿತು. ಸ್ಪ್ರಿಂಗು ಒಮ್ಮೆ ನರಳಿ, ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.